ಹತ್ತು ಲಕ್ಷ ಡಿಗ್ರಿಯ ಕರೋನಾದಲ್ಲಿ ತಣ್ಣನೆಯ ಫಿಲಮೆಂಟ್: ಹುಟ್ಟುವುದು ಹೇಗೆ, ಬೀಳದೆ ನಿಲ್ಲುವುದು ಹೇಗೆ?

ಜಮಖಂಡಿ ಆಕಾಶಾಸಕ್ತ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆಯನ್ನು ನಮ್ಮ ನೆಲದಿಂದಲೇ ಆರಂಭಿಸಲು ಕಾರಣವಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ ಮತ್ತು ವಿಜಯಪುರಗಳ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದರು; ಕ್ಯಾಪ್ಟನ್ ಹೇಗ್ ವಿಜಯಪುರದಲ್ಲಿದ್ದರು. ಮಳೆಗಾಲದ ಮೋಡಗಳ ನಡುವೆ ದೊರೆತ ಅಲ್ಪ ಅವಕಾಶದಲ್ಲಿ ಹರ್ಷೆಲ್ ಅವರು ಸೂರ್ಯನ ಅಂಚಿನಿಂದ ಹೊರಚಾಚಿದ ಕೆಂಪು ಆಕೃತಿಯತ್ತ ಉಪಕರಣವನ್ನು ತಿರುಗಿಸಿದಾಗ ಕೆಂಪು, ಕಿತ್ತಳೆ, ನೀಲಿ ಬಣ್ಣಗಳ ಮೂರು ಹೊಳೆಯುವ ಗೆರೆಗಳು ಕಂಡವು. ಅಖಂಡ ರೋಹಿತದ ಬದಲು ಬಿಡಿ ಗೆರೆಗಳು ಕಂಡದ್ದರಿಂದ ಆ ಆಕೃತಿಗಳು ಬೆಳಗುವ ಅನಿಲವೆಂಬುದು ಖಚಿತವಾಯಿತು. ಸೋಡಿಯಂನ ಗೆರೆಯ ಸಮೀಪದಲ್ಲಿದ್ದ ಆ ಕಿತ್ತಳೆ ಗೆರೆಯೇ ಮುಂದೆ ಹೀಲಿಯಂ ಎಂಬ ಧಾತುವಿನ ಗುರುತಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಪಿಯರ್ ಜಾನ್ಸೆನ್ ಅವರು ಮರುದಿನ ಗ್ರಹಣವಿಲ್ಲದೆಯೂ ಆ ಗೆರೆಗಳನ್ನು ಕಂಡರೆಂಬುದು ನಿಮಗೆಲ್ಲ ತಿಳಿದ ವಿಷಯ.

ಅವರೆಲ್ಲ ನೋಡಿದ್ದನ್ನು ನಾವು ಇಂದು ಪ್ರಾಮಿನೆನ್ಸ್ ಎನ್ನುತ್ತೇವೆ; ಅದೇ ವಸ್ತು ಸೂರ್ಯಬಿಂಬದ ಮುಂದೆ ಕಪ್ಪು ಗೆರೆಯಾಗಿ ಕಂಡಾಗ ಫಿಲಮೆಂಟ್ ಎನ್ನುತ್ತೇವೆ. ಸುತ್ತಲಿನ ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ಉಷ್ಣತೆ ಹತ್ತರಿಂದ ಇಪ್ಪತ್ತು ಲಕ್ಷ ಕೆಲ್ವಿನ್. ಅದರ ಮಧ್ಯದಲ್ಲಿರುವ ಈ ವಸ್ತುವಿನದು ಕೇವಲ 7,000ದಿಂದ 10,000 ಕೆಲ್ವಿನ್. ಸುತ್ತಲಿನದಕ್ಕಿಂತ ನೂರು ಪಟ್ಟು ಸಾಂದ್ರವಾದ, ಅಂದರೆ ಭಾರವಾದ ಈ ದ್ರವ್ಯ ಹತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಅದು ಕಾದು ಆವಿಯಾಗುವುದಿಲ್ಲ, ಕೆಳಗೂ ಬೀಳುವುದಿಲ್ಲ. ಕಾಂತಕ್ಷೇತ್ರ ಹಿಡಿದಿದೆ ಎಂಬ ಒಂದು ಸಾಲಿನ ಉತ್ತರ ಎಲ್ಲೆಡೆ ಸಿಗುತ್ತದೆ. ಹೇಗೆ ಹಿಡಿದಿದೆ, ಆ ದ್ರವ್ಯ ಅಲ್ಲಿಗೆ ಬಂದದ್ದು ಎಲ್ಲಿಂದ ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ವಿಜಯಪುರದ ಉಪನ್ಯಾಸಕ

ಒಳ್ಳೆಯ ಪ್ರಶ್ನೆ. ಮೊದಲು ಕಾಂತಕ್ಷೇತ್ರವೇ ಇಲ್ಲವೆಂದು ಭಾವಿಸಿ ಲೆಕ್ಕ ಮಾಡೋಣ. ಸೂರ್ಯನ ಮೇಲ್ಮೈಯಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 274 ಮೀಟರ್, ನಮ್ಮ ಭೂಮಿಯದಕ್ಕಿಂತ ಸುಮಾರು 28 ಪಟ್ಟು. 50,000 ಕಿಲೋಮೀಟರ್ ಎತ್ತರದಲ್ಲಿರುವ ದ್ರವ್ಯಕ್ಕೆ ಯಾವ ಆಸರೆಯೂ ಇಲ್ಲದಿದ್ದರೆ ಅದು ಸುಮಾರು ಹತ್ತೇ ನಿಮಿಷಗಳಲ್ಲಿ, ಸೆಕೆಂಡಿಗೆ 165 ಕಿಲೋಮೀಟರ್ ವೇಗ ಗಳಿಸಿ ಕೆಳಗೆ ಬಂದು ಅಪ್ಪಳಿಸಬೇಕು. ಅನಿಲದ ಒತ್ತಡವೇ ಅದನ್ನು ಹೊತ್ತಿರಬಹುದೇ? ಹತ್ತು ಸಾವಿರ ಕೆಲ್ವಿನ್ ಉಷ್ಣತೆಯ ಹೈಡ್ರೋಜನ್ನಿನ ಒತ್ತಡ ಸೂರ್ಯನ ಗುರುತ್ವದಲ್ಲಿ ಕೆಲವು ನೂರು ಕಿಲೋಮೀಟರ್ ಏರುವಷ್ಟರಲ್ಲೇ ಬಹುಪಾಲು ಕುಸಿದುಬಿಡುತ್ತದೆ. ಪ್ರಾಮಿನೆನ್ಸಿನ ಎತ್ತರ ಅದರ ನೂರು ಪಟ್ಟು. ಆದ್ದರಿಂದ ಒತ್ತಡದಿಂದ ಈ ಕೆಲಸ ಆಗದು.

ಇನ್ನು ಕಾಂತಕ್ಷೇತ್ರದ ಬಲವನ್ನು ನೋಡಿ. ಶಾಂತ ಪ್ರದೇಶದ ಪ್ರಾಮಿನೆನ್ಸುಗಳಲ್ಲಿ ಅಳೆಯಲಾಗಿರುವ ಕ್ಷೇತ್ರ ಸಾಮಾನ್ಯವಾಗಿ 3ರಿಂದ 30 ಗೌಸ್ (ಗೌಸ್ ಎಂಬುದು ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ). ಹತ್ತು ಗೌಸ್ ಎಂದು ಹಿಡಿದರೆ ಕಾಂತೀಯ ಒತ್ತಡ 0.4 ಪಾಸ್ಕಲ್ ಆಗುತ್ತದೆ. ಅಲ್ಲಿನ ಅನಿಲದ ಒತ್ತಡ ಅದರ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಅಂದರೆ ಕರೋನಾದಲ್ಲಿ ಅನಿಲವು ಕ್ಷೇತ್ರ ಹೇಳಿದಂತೆ ಕೇಳುತ್ತದೆ. ಕ್ಷೇತ್ರವು ಅನಿಲದ ಮಾತನ್ನು ಹೆಚ್ಚಾಗಿ ಕೇಳುವುದಿಲ್ಲ. ಸೂರ್ಯನ ಒಡಲಿನಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ.

ಫಿಲಮೆಂಟುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ ಎಂಬುದು ಈ ಚರ್ಚೆಗೆ ಅತ್ಯಂತ ಮುಖ್ಯವಾದ ವೀಕ್ಷಣೆ. ಜಾರ್ಜ್ ಎಲರಿ ಹೇಲ್ ಅವರು 1908ರಲ್ಲಿ ಸೌರಕಲೆಗಳ ಕಾಂತಕ್ಷೇತ್ರವನ್ನು ಕಂಡುಹಿಡಿದ ಮೇಲೆ, ದುರ್ಬಲ ಕ್ಷೇತ್ರಗಳನ್ನೂ ನಕ್ಷೆಗೆ ಇಳಿಸುವ ಉಪಕರಣಗಳು ಬರಲು ದಶಕಗಳೇ ಹಿಡಿದವು. ತಂದೆ ಮತ್ತು ಮಗನಾದ ಬ್ಯಾಬ್‌ಕಾಕ್ ದ್ವಯರು 1955ರಲ್ಲಿ ಅಂತಹ ನಕ್ಷೆಗಳನ್ನು ಪ್ರಕಟಿಸಿದಾಗ, ದ್ಯುತಿಗೋಳದಲ್ಲಿ, ಅಂದರೆ ನಮಗೆ ಕಾಣುವ ಸೂರ್ಯನ ಮೇಲ್ಮೈಯಲ್ಲಿ, ಕ್ಷೇತ್ರವು ಹೊರಮುಖವಾಗಿರುವ ಪ್ರದೇಶ ಮತ್ತು ಒಳಮುಖವಾಗಿರುವ ಪ್ರದೇಶಗಳ ನಡುವಿನ ಗಡಿಗೆರೆಯ ಮೇಲೆಯೇ ಫಿಲಮೆಂಟುಗಳು ಮಲಗಿರುವುದು ಕಂಡುಬಂತು. ಇದನ್ನು ಧ್ರುವತೆ ಬದಲಾಗುವ ಗೆರೆ ಎನ್ನೋಣ. ಈ ಗೆರೆಯಿಲ್ಲದ ಕಡೆ ಫಿಲಮೆಂಟ್ ಇಲ್ಲ. ಆದರೆ ಗೆರೆಯಿದ್ದ ಕಡೆಯೆಲ್ಲ ಫಿಲಮೆಂಟ್ ಇರುವುದಿಲ್ಲ. ಹಾಗಾದರೆ ಇನ್ನೇನು ಬೇಕು ಎಂಬುದನ್ನೇ ನಾವು ಇಲ್ಲಿ ಹುಡುಕಬೇಕು.

ಬಾದಾಮಿಯ ವಿದ್ಯಾರ್ಥಿನಿ

ಸರ್, ನಾನು ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಧ್ರುವತೆ ಬದಲಾಗುವ ಗೆರೆಯ ಒಂದು ಬದಿಯಿಂದ ಹೊರಟ ಬಲರೇಖೆ ಮೇಲೇರಿ, ಕಮಾನಿನಂತೆ ಬಾಗಿ, ಇನ್ನೊಂದು ಬದಿಗೆ ಇಳಿಯಬೇಕಲ್ಲವೇ? ಬಲರೇಖೆಯ ಉದ್ದಕ್ಕೆ ಪ್ಲಾಸ್ಮಾ, ಅಂದರೆ ವಿದ್ಯುದಾವೇಶವುಳ್ಳ ಕಣಗಳ ಅನಿಲ, ಸರಾಗವಾಗಿ ಹರಿಯಬಲ್ಲದು ಎಂದು ನಮ್ಮ ಪಠ್ಯದಲ್ಲಿದೆ. ಹಾಗಿದ್ದರೆ ಕಮಾನಿನ ನೆತ್ತಿಯ ಮೇಲೆ ಇಟ್ಟ ಭಾರ ಎಡಕ್ಕೋ ಬಲಕ್ಕೋ ಜಾರಿಹೋಗಬೇಕು. ಬಲವಾದ ಕ್ಷೇತ್ರವಿದ್ದರೂ ಜಾರುವುದನ್ನು ಅದು ತಡೆಯಲಾರದು ಎಂದು ನನಗೆ ಅನ್ನಿಸುತ್ತದೆ. ಅದಲ್ಲದೆ, ಬಲರೇಖೆಗಳು ಗಡಿಗೆರೆಯನ್ನು ಅಡ್ಡಹಾಯುವುದಾದರೆ, ಫಿಲಮೆಂಟ್ ಗಡಿಗೆರೆಯ ಉದ್ದಕ್ಕೆ ಏಕೆ ಚಾಚಿಕೊಳ್ಳುತ್ತದೆ?

ಬೆಳಗಾವಿಯ ಪ್ಲಾಸ್ಮಾ ಸಂಶೋಧಕಿ

ತಂಗಿ, ಈ ಕ್ಷೇತ್ರದ ಅರ್ಧ ಇತಿಹಾಸ ನಿನ್ನ ಈ ಎರಡು ಪ್ರಶ್ನೆಗಳಲ್ಲೇ ಅಡಗಿದೆ.

ಮೊದಲನೆಯದಕ್ಕೆ ಉತ್ತರ: ಕಮಾನಿನ ನೆತ್ತಿಯಲ್ಲಿ ಒಂದು ತಗ್ಗು ಇರಬೇಕು. ಕಿಪ್ಪೆನ್‌ಹಾನ್ ಮತ್ತು ಶ್ಲ್ಯೂಟರ್ ಎಂಬ ಜರ್ಮನ್ ವಿಜ್ಞಾನಿಗಳು 1957ರಲ್ಲಿ ಮುಂದಿಟ್ಟ ಮಾದರಿ ಇದೇ. ನಾಗರ ಪಂಚಮಿಗೆ ಕಟ್ಟಿದ ಜೋಕಾಲಿಯ ಹಗ್ಗ ಕುಳಿತವರ ಭಾರಕ್ಕೆ ಜಗ್ಗಿ, ಆ ಜಗ್ಗಿದ ಹಗ್ಗದ ಬಿಗಿತವೇ ಭಾರವನ್ನು ಎತ್ತಿ ಹಿಡಿಯುವಂತೆ, ತಗ್ಗಿದ ಬಲರೇಖೆಯ ಬಿಗಿತವು ಪ್ಲಾಸ್ಮಾವನ್ನು ಹೊರುತ್ತದೆ. ಎಷ್ಟು ತಗ್ಗಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಘನಮೀಟರಿಗೆ 5 × 10⁻¹¹ ಕಿಲೋಗ್ರಾಂ ಸಾಂದ್ರತೆ, 5,000 ಕಿಲೋಮೀಟರ್ ದಪ್ಪ ಮತ್ತು ಹತ್ತು ಗೌಸಿನ ಅಡ್ಡ ಕ್ಷೇತ್ರ ಇವೆಯೆಂದು ಹಿಡಿದರೆ, ಫಿಲಮೆಂಟಿನ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುವಷ್ಟರಲ್ಲಿ ಲಂಬ ಘಟಕವು ಹೆಚ್ಚುಕಡಿಮೆ ಒಂದು ಗೌಸ್ ಬದಲಾದರೆ ಸಾಕು. ಅಂದರೆ ಬಲರೇಖೆ ಕೆಲವೇ ಡಿಗ್ರಿಗಳಷ್ಟು ಬಾಗಬೇಕು. ಹತ್ತು ಗೌಸ್ ಎಂಬುದು ನಮಗೆ ಅಲ್ಪವೆನಿಸಿದರೂ ಅಲ್ಲಿನ ಕೆಲಸಕ್ಕೆ ಧಾರಾಳ.

ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು. ಫಿಲಮೆಂಟಿನ ಒಳಗೆ ಕ್ಷೇತ್ರವು ಗಡಿಗೆರೆಯನ್ನು ನೇರವಾಗಿ ಅಡ್ಡಹಾಯುವುದಿಲ್ಲ. ಬಹುಮಟ್ಟಿಗೆ ಗೆರೆಯ ಉದ್ದಕ್ಕೇ ಓಡುತ್ತದೆ. ಫ್ರಾನ್ಸಿನ ಲೆರ್ವಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಪಿಕ್ ದು ಮಿದಿ ವೀಕ್ಷಣಾಲಯದಲ್ಲಿ, ಬೆಳಕಿನ ಧ್ರುವೀಕರಣದ ಮೇಲೆ ದುರ್ಬಲ ಕಾಂತಕ್ಷೇತ್ರ ಬೀರುವ ಪರಿಣಾಮವನ್ನು ಅಳೆದು ತೋರಿಸಿದ್ದು ಇದನ್ನೇ. ಕ್ಷೇತ್ರ ಹೆಚ್ಚುಕಡಿಮೆ ಸಮತಲವಾಗಿರುತ್ತದೆ, ಫಿಲಮೆಂಟಿನ ಉದ್ದದೊಂದಿಗೆ ಕಿರಿದಾದ ಕೋನ ಮಾಡುತ್ತದೆ, ಎತ್ತರಕ್ಕೆ ಹೋದಂತೆ ಸ್ವಲ್ಪ ಹೆಚ್ಚುತ್ತದೆ. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಉಳಿದಿರುವ ಅಲ್ಪ ಅಡ್ಡ ಘಟಕವು ಬಹುಪಾಲು ಪ್ರಾಮಿನೆನ್ಸುಗಳಲ್ಲಿ ಕೆಳಗಿನ ದ್ಯುತಿಗೋಳ ಸೂಚಿಸುವ ದಿಕ್ಕಿಗೆ ವಿರುದ್ಧವಾಗಿತ್ತು. ಸರಳ ಕಮಾನಿನ ನೆತ್ತಿಯ ತಗ್ಗಿನಲ್ಲಿ ಇದು ಸಾಧ್ಯವಿಲ್ಲ. ಇಂತಹ ವಿಲೋಮ ದಿಕ್ಕು ಇರಬಹುದೆಂದು ಕುಪೆರುಸ್ ಮತ್ತು ರಾಡು ಅವರು 1974ರಲ್ಲೇ ಸೂಚಿಸಿದ್ದರು. ಬಲರೇಖೆಗಳು ಒಂದು ಅಕ್ಷದ ಸುತ್ತ ಸುರುಳಿಯಾಗಿ ಸುತ್ತಿಕೊಂಡಿದ್ದರೆ ಪ್ರತಿ ಸುರುಳಿಯ ಕೆಳಭಾಗದಲ್ಲಿ ತಾನಾಗಿಯೇ ಒಂದು ತಗ್ಗು ಸಿಗುತ್ತದೆ, ಮತ್ತು ಆ ತಗ್ಗಿನಲ್ಲಿ ಕ್ಷೇತ್ರದ ದಿಕ್ಕು ವಿಲೋಮವಾಗಿಯೇ ಇರುತ್ತದೆ. ಈ ರಚನೆಯನ್ನು ಕಾಂತೀಯ ಹುರಿ ಎಂದು ಕರೆಯೋಣ.

ಸುರುಳಿಯಿಲ್ಲದೆಯೂ ತಗ್ಗು ಮೂಡಬಹುದು. ಆಂಟಿಯೋಕೋಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದಂತೆ, ಕಮಾನುಗಳ ಸಾಲಿನ ಬುಡಗಳನ್ನು ಗಡಿಗೆರೆಯ ಇಕ್ಕೆಲಗಳಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆದರೆ, ಒಳಗಿನ ಕಮಾನುಗಳು ಉದ್ದವಾಗಿ ಓರೆಯಾಗಿ, ಮೇಲಿರುವ ಓರೆಯಾಗದ ಕಮಾನುಗಳ ಒತ್ತಿಗೆ ನಡುವೆ ತಗ್ಗುತ್ತವೆ. ಎರಡು ಮಾದರಿಗಳಲ್ಲೂ ಸಾಮಾನ್ಯವಾದದ್ದು ಈ ಓರೆತನವೇ. ಗಡಿಗೆರೆ ಅಗತ್ಯ, ಓರೆತನ ಅದಕ್ಕಿಂತಲೂ ಅಗತ್ಯ: ಉಪನ್ಯಾಸಕರು ಕೇಳಿದ "ಇನ್ನೇನು ಬೇಕು" ಎಂಬುದಕ್ಕೆ ನನ್ನ ಉತ್ತರ ಇದು.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯವೂ ಇದೆ. ಫಿಲಮೆಂಟ್ ಮೂಡುವ ಮೊದಲೇ, ದ್ಯುತಿಗೋಳದ ಮೇಲಿನ ತೆಳು ಪದರವಾದ ವರ್ಣಗೋಳದ ಸಣ್ಣ ಎಳೆಗಳು ಗಡಿಗೆರೆಯನ್ನು ಅಡ್ಡಹಾಯುವುದನ್ನು ಬಿಟ್ಟು ಅದಕ್ಕೆ ಸಮಾನಾಂತರವಾಗಿ ಬಾಚಿದಂತೆ ಮಲಗಿಕೊಳ್ಳುತ್ತವೆ. ಇದೇ ಫಿಲಮೆಂಟ್ ಕಾಲುವೆ. ಕಾಲುವೆ ಇದ್ದು ಫಿಲಮೆಂಟ್ ಇಲ್ಲದಿರಬಹುದು. ಫಿಲಮೆಂಟ್ ಬಂದು ಹೋಗಿ, ಅದೇ ಕಾಲುವೆಯಲ್ಲಿ ಮತ್ತೊಂದು ಬರಬಹುದು. ಕಾಲುವೆಯಿಲ್ಲದೆ ಮಾತ್ರ ಫಿಲಮೆಂಟ್ ಬರದು. ಆದ್ದರಿಂದ ನಾವು ಕಾಣುವ ಕಪ್ಪು ಗೆರೆಯನ್ನು ಕಾಂತೀಯ ರಚನೆಯೆಂದೇ ಭಾವಿಸಬಾರದು. ಅದು ಬಹುದೊಡ್ಡ ರಚನೆಯೊಂದರಲ್ಲಿ ದ್ರವ್ಯ ತುಂಬಿಕೊಂಡಿರುವ ಸಣ್ಣ ಭಾಗ ಮಾತ್ರ. ಅಂಚಿನಲ್ಲಿ ನೋಡಿದಾಗ ಪ್ರಾಮಿನೆನ್ಸಿನ ಸುತ್ತ ಕಾಣುವ ಮಬ್ಬಾದ ಗೂಡಿನಂತಹ ಪ್ರದೇಶವೇ ಆ ದೊಡ್ಡ ರಚನೆಯ ಮೈ.

ಗೋಕಾಕದ ಶಾಲಾ ಶಿಕ್ಷಕ

ನನ್ನದೊಂದು ಮೂಲಭೂತ ಸಂದೇಹ. ಕಾಂತಕ್ಷೇತ್ರ ಹಿಡಿದಿಡುವುದು ವಿದ್ಯುದಾವೇಶವುಳ್ಳ ಕಣಗಳನ್ನು. ಎಂಟು ಸಾವಿರ ಕೆಲ್ವಿನ್ ಉಷ್ಣತೆಯಲ್ಲಿ ಹೈಡ್ರೋಜನ್ನಿನ ಗಣನೀಯ ಭಾಗ ತಟಸ್ಥ ಪರಮಾಣುಗಳಾಗಿಯೇ ಇರುತ್ತದೆ. ಇಲ್ಲವಾದರೆ ನಾವು ಹೈಡ್ರೋಜನ್-ಆಲ್ಫಾ ಗೆರೆಯಲ್ಲಿ, ಅಂದರೆ ಹೈಡ್ರೋಜನ್ ಸೂಸುವ 656.3 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ, ಫಿಲಮೆಂಟನ್ನು ನೋಡುವುದೇ ಸಾಧ್ಯವಿರಲಿಲ್ಲ. ತಟಸ್ಥ ಪರಮಾಣುವಿಗೆ ಕಾಂತಕ್ಷೇತ್ರದ ಹಂಗಿಲ್ಲ. ಅವು ಏಕೆ ಬೀಳುವುದಿಲ್ಲ ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು?

ವಿಜಯಪುರದ ಉಪನ್ಯಾಸಕ

ಶಿಕ್ಷಕರೇ, ಅವು ಬೀಳುತ್ತವೆ, ಆದರೆ ಬಹಳ ನಿಧಾನವಾಗಿ. ತಟಸ್ಥ ಪರಮಾಣು ಕೆಳಗಿಳಿಯಲು ಹೊರಟರೆ ಕ್ಷೇತ್ರಕ್ಕೆ ಕಟ್ಟಿಬಿದ್ದಿರುವ, ಆವೇಶವುಳ್ಳ ಅಯಾನುಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತದೆ. ಹೈಡ್ರೋಜನ್ ಪರಮಾಣು ಮತ್ತು ಪ್ರೋಟಾನುಗಳ ನಡುವೆ ಎಲೆಕ್ಟ್ರಾನ್ ಕೈಬದಲಾಗುವ ಸಂಭವವೂ ಹೆಚ್ಚು. ಹಾಗಾದಾಗ ತಟಸ್ಥವಾಗಿದ್ದದ್ದು ಅಯಾನಾಗಿ ಕ್ಷೇತ್ರದ ಹಿಡಿತಕ್ಕೆ ಬಂದುಬಿಡುತ್ತದೆ. ಹೀಲಿಯಂಗೆ ಈ ಅನುಕೂಲ ಕಡಿಮೆ. ಹೀಗಾಗಿ ತಟಸ್ಥ ಹೀಲಿಯಂ ಹೈಡ್ರೋಜನ್ನಿಗಿಂತ ಬಹಳ ಬೇಗ ಸೋರಿಹೋಗುತ್ತದೆಂದು ಗಿಲ್ಬರ್ಟ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕಹಾಕಿ ತೋರಿಸಿದರು. ಮಕ್ಕಳಿಗೆ ಹೇಳುವಾಗ, ಅಯಾನುಗಳು ಕ್ಷೇತ್ರವನ್ನು ಹಿಡಿದಿವೆ, ತಟಸ್ಥ ಪರಮಾಣುಗಳು ಅಯಾನುಗಳ ಗುಂಪಿನಲ್ಲಿ ಸಿಲುಕಿವೆ ಎಂದರೆ ಸಾಕು.

ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಪ್ರಾಮಿನೆನ್ಸ್ "ನಿಂತಿದೆ" ಎಂದು ನಾವು ಬರೆಯುತ್ತಿದ್ದರೂ ಅದರೊಳಗೆ ನಿಶ್ಚಲತೆ ಇಲ್ಲ. ಸಮೀಪದಿಂದ ನೋಡಿದರೆ ಅದು ಸುಮಾರು 200 ಕಿಲೋಮೀಟರ್ ಅಗಲದ ಎಳೆಗಳ ಕಂತೆ. ಅಕ್ಕಪಕ್ಕದ ಎಳೆಗಳಲ್ಲಿ ದ್ರವ್ಯವು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಎದುರುಬದುರು ದಿಕ್ಕುಗಳಿಗೆ ಹರಿಯುವುದನ್ನು ಜರ್ಕರ್, ಎಂಗ್‌ವೋಲ್ಡ್ ಮತ್ತು ಮಾರ್ಟಿನ್ ಅವರು 1998ರಲ್ಲಿ ವರದಿ ಮಾಡಿದರು. ಜಪಾನಿನ ಹಿನೋಡೆ ಉಪಗ್ರಹವು ಪ್ರಾಮಿನೆನ್ಸಿನ ಕೆಳಗಿನಿಂದ ಕಪ್ಪು ಗುಳ್ಳೆಗಳು ಮೇಲೇಳುವುದನ್ನೂ ತೋರಿಸಿದೆ. ರೂಪ ವಾರಗಟ್ಟಲೆ ಉಳಿಯುತ್ತದೆ, ದ್ರವ್ಯ ಮಾತ್ರ ಬದಲಾಗುತ್ತಲೇ ಇರುತ್ತದೆ.

ಜಮಖಂಡಿ ಆಕಾಶಾಸಕ್ತ

ದ್ರವ್ಯ ಬದಲಾಗುತ್ತಲೇ ಇದ್ದರೆ ಅದು ಎಲ್ಲಿಂದಲೋ ಬರುತ್ತಲೇ ಇರಬೇಕು. ಕರೋನಾ ತಾನೇ ತಣ್ಣಗಾಗಿ ಫಿಲಮೆಂಟ್ ಆಗುತ್ತದೆಯೇ, ಅಥವಾ ಕೆಳಗಿನ ವರ್ಣಗೋಳದಿಂದ ತಣ್ಣನೆಯ ದ್ರವ್ಯವೇ ಮೇಲಕ್ಕೆ ಬರುತ್ತದೆಯೇ? ಹಾಗೂ ಸುತ್ತಲಿನ ಬಿಸಿ ಒಳನುಗ್ಗದಂತೆ ತಡೆಯುವವರು ಯಾರು?

ಬೆಳಗಾವಿಯ ಪ್ಲಾಸ್ಮಾ ಸಂಶೋಧಕಿ

ಬಿಸಿಯ ವಿಷಯ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಕರೋನಾದಲ್ಲಿ ಶಾಖವನ್ನು ಸಾಗಿಸುವವು ಎಲೆಕ್ಟ್ರಾನುಗಳು, ಮತ್ತು ಅವು ಬಲರೇಖೆಯ ಉದ್ದಕ್ಕೆ ಮಾತ್ರ ಸರಾಗವಾಗಿ ಚಲಿಸುತ್ತವೆ. ರೇಖೆಯಿಂದ ರೇಖೆಗೆ ಅಡ್ಡಲಾಗಿ ಶಾಖ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಫಿಲಮೆಂಟಿನ ಎಳೆಗೆ ಬಿಸಿ ತಗಲುವುದು ಅದರ ಎರಡು ತುದಿಗಳಿಂದ ಮಾತ್ರ. ಅಲ್ಲಿ ಬಂದದ್ದನ್ನು ಸಾಂದ್ರವಾದ ದ್ರವ್ಯವು ಬೆಳಕಾಗಿ ಹೊರಸೂಸಿಬಿಡುತ್ತದೆ.

ದ್ರವ್ಯದ ಮೂಲದ ಪ್ರಶ್ನೆಯೇ ಕಠಿಣ. ವಿಕಿರಣದಿಂದ ಆಗುವ ನಷ್ಟ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಕರೋನಾದ ಯಾವುದೋ ಒಂದು ಭಾಗ ಸ್ವಲ್ಪ ಸಾಂದ್ರವಾದರೆ ಅದು ಹೆಚ್ಚು ಬೆಳಕು ಸೂಸಿ ತಣ್ಣಗಾಗುತ್ತದೆ; ತಣ್ಣಗಾದಾಗ ಒತ್ತಡ ಕುಸಿದು ಅಕ್ಕಪಕ್ಕದ ದ್ರವ್ಯವನ್ನು ಒಳಕ್ಕೆ ಎಳೆದು ಇನ್ನಷ್ಟು ಸಾಂದ್ರವಾಗುತ್ತದೆ; ಉಷ್ಣತೆ ಇಳಿದಂತೆ, ಸುಮಾರು ಒಂದು ಲಕ್ಷ ಕೆಲ್ವಿನ್ ತಲುಪುವವರೆಗೂ, ಸೂಸುವ ಸಾಮರ್ಥ್ಯವೂ ಏರುತ್ತ ಹೋಗುತ್ತದೆ. ಒಮ್ಮೆ ಆರಂಭವಾದ ಈ ಕುಸಿತ ಹತ್ತು ಸಾವಿರ ಕೆಲ್ವಿನ್ ಸಮೀಪಿಸುವವರೆಗೆ ನಿಲ್ಲುವುದಿಲ್ಲ. ಪಾರ್ಕರ್ ಅವರು 1953ರಲ್ಲಿ ಸೂಚಿಸಿ, ಫೀಲ್ಡ್ ಅವರು 1965ರಲ್ಲಿ ಪೂರ್ಣವಾಗಿ ವಿಶ್ಲೇಷಿಸಿದ ಉಷ್ಣ ಅಸ್ಥಿರತೆ ಇದು.

ಆದರೆ ಕರೋನಾ ಬಹಳ ವಿರಳ. ದೊಡ್ಡ ಪ್ರಾಮಿನೆನ್ಸ್ ಒಂದರಲ್ಲಿ ಇರುವಷ್ಟು ದ್ರವ್ಯವನ್ನು ಸುತ್ತಲಿನ ಕರೋನಾದಿಂದಲೇ ಸೋಸಿ ತೆಗೆಯುವುದು ಅಸಾಧ್ಯವೆಂಬುದು ಬಹಳ ಹಿಂದೆಯೇ ಅರಿವಾಗಿತ್ತು. ಅಂತಿಮವಾಗಿ ವರ್ಣಗೋಳವೇ ಕಣಜ. ಅಲ್ಲಿಂದ ಮೇಲೆ ಬರುವ ದಾರಿ ಯಾವುದು? ಕಮಾನಿನ ಬುಡದಲ್ಲಿ ಶಾಖ ಹೆಚ್ಚಾದರೆ ವರ್ಣಗೋಳದ ದ್ರವ್ಯ ಕಾದು ಕಮಾನಿನೊಳಗೆ ಏರುತ್ತದೆ, ನಡುವೆ ಸಾಂದ್ರತೆ ಹೆಚ್ಚಿ ಮೇಲೆ ಹೇಳಿದ ಕುಸಿತ ಆರಂಭವಾಗುತ್ತದೆ. ಆಂಟಿಯೋಕೋಸ್ ಮತ್ತು ಕ್ಲಿಮ್‌ಚುಕ್ ಅವರು 1991ರಲ್ಲಿ ಮಂಡಿಸಿದ ಈ ಆವೀಕರಣ ಮತ್ತು ಸಾಂದ್ರೀಕರಣದ ಮಾದರಿಯನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಎರಡನೆಯ ದಾರಿಯಲ್ಲಿ, ಬುಡದಲ್ಲಿ ವಿರುದ್ಧ ಬಲರೇಖೆಗಳು ಕಡಿದು ಮರುಜೋಡಣೆಯಾದಾಗ ತಣ್ಣನೆಯ ದ್ರವ್ಯವೇ ಚಿಮ್ಮಿ ಒಳಸೇರುತ್ತದೆ. ಮೂರನೆಯದರಲ್ಲಿ, ಮೇಲೇರುತ್ತಿರುವ ಕಾಂತೀಯ ಹುರಿಯು ಕೆಳಗಿನ ದ್ರವ್ಯವನ್ನು ತಗ್ಗುಗಳಲ್ಲಿ ತುಂಬಿಕೊಂಡೇ ಏಳುತ್ತದೆ.

ವಿಜಯಪುರದ ಉಪನ್ಯಾಸಕ

ಸಂಶೋಧಕಿಯವರೊಂದಿಗೆ ನನಗೆ ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಮೂರು ದಾರಿಗಳನ್ನು ಸಮಾನವೆಂಬಂತೆ ಇಟ್ಟರೆ ಓದುಗರಿಗೆ ಗೊಂದಲವಾಗಬಹುದು. 2010ರ ಫೆಬ್ರವರಿಯಲ್ಲಿ ಹಾರಿದ ಸೌರ ಚಲನಶಾಸ್ತ್ರ ವೀಕ್ಷಣಾಲಯ ಎಂಬ ಉಪಗ್ರಹದ ಚಿತ್ರಗಳಲ್ಲಿ, ಮೊದಲು ಅತಿ ಬಿಸಿಯ ತರಂಗಾಂತರದಲ್ಲಿ ಕಂಡ ಹೊಳಪು ಕ್ರಮೇಣ ತಂಪಾದ ತರಂಗಾಂತರಗಳಿಗೆ ಸರಿದು, ಕೊನೆಗೆ 304 ಆಂಗ್‌ಸ್ಟ್ರಾಮಿನ ಹೀಲಿಯಂ ಗೆರೆಯಲ್ಲಿ ಪ್ರಾಮಿನೆನ್ಸ್ ಆಗಿ ನಿಲ್ಲುವುದನ್ನು 2012ರಲ್ಲಿ ಲ್ಯೂ, ಬರ್ಗರ್ ಮತ್ತು ಲೋ ಅವರು ತೋರಿಸಿದ್ದಾರೆ. ಬಿಸಿಯಾದದ್ದು ತಣ್ಣಗಾಗಿ ಫಿಲಮೆಂಟ್ ಆಗುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. ಆದ್ದರಿಂದ ಶಾಂತ ಪ್ರದೇಶಗಳ ದೊಡ್ಡ ಫಿಲಮೆಂಟುಗಳಿಗೆ ಸಾಂದ್ರೀಕರಣವೇ ಮುಖ್ಯ ದಾರಿಯೆಂದು ನಾನು ಭಾವಿಸುತ್ತೇನೆ. ಸೌರಕಲೆಗಳ ಸಮೀಪದ ಚಿಕ್ಕ, ಚಂಚಲ ಫಿಲಮೆಂಟುಗಳಲ್ಲಿ ಚಿಮ್ಮುವ ದ್ರವ್ಯದ ಪಾತ್ರ ಹಿರಿದಾಗಿರಬಹುದು; ಅದನ್ನು ಒಪ್ಪುತ್ತೇನೆ.

ಬೆಳಗಾವಿಯ ನಿವೃತ್ತ ವಿದ್ಯುತ್ ಎಂಜಿನಿಯರ್

ಮೂವತ್ತೈದು ವರ್ಷ ವಿದ್ಯುತ್ ಪ್ರಸರಣದಲ್ಲಿ ದುಡಿದವನಿಗೆ ಕಾಂತಕ್ಷೇತ್ರವೆಂದಾಕ್ಷಣ ವಿದ್ಯುತ್ ಪ್ರವಾಹವೇ ನೆನಪಾಗುತ್ತದೆ. ನೀವು ಹೇಳಿದ ಕಾಂತೀಯ ಹುರಿಯ ತ್ರಿಜ್ಯ 10,000 ಕಿಲೋಮೀಟರ್, ಸುತ್ತಿಕೊಂಡ ಕ್ಷೇತ್ರ ಹತ್ತು ಗೌಸ್ ಎಂದು ಹಿಡಿದು ಆಂಪಿಯರ್ ನಿಯಮದಿಂದ ಲೆಕ್ಕ ಹಾಕಿದೆ: ಅದರೊಳಗೆ ಸುಮಾರು ಐದು ಸಾವಿರ ಕೋಟಿ ಆಂಪಿಯರ್ ಪ್ರವಾಹ ಹರಿಯಬೇಕು. ಇಷ್ಟು ಪ್ರವಾಹ ಯಾವ ಆಕರದಿಂದ ಬರುತ್ತದೆ? ರೋಧದಲ್ಲಿ ಅದು ಏಕೆ ನಶಿಸುವುದಿಲ್ಲ? ಮತ್ತು ಆ ಓರೆತನವನ್ನು ಉಂಟುಮಾಡುವ ಯಂತ್ರ ಯಾವುದು?

ಬೆಳಗಾವಿಯ ಪ್ಲಾಸ್ಮಾ ಸಂಶೋಧಕಿ

ಹಿರಿಯರೇ, ನಿಮ್ಮ ಲೆಕ್ಕದ ಪ್ರಮಾಣ ಸರಿಯಾಗಿದೆ. ರೋಧದ ಮಾತು ಹೇಳುವುದಾದರೆ, ಅಷ್ಟು ಬಿಸಿಯಾದ ಪ್ಲಾಸ್ಮಾ ಅತ್ಯುತ್ತಮ ವಾಹಕ. ಹತ್ತು ಸಾವಿರ ಕಿಲೋಮೀಟರ್ ಗಾತ್ರದ ರಚನೆಯಲ್ಲಿ ಪ್ರವಾಹ ರೋಧದಿಂದಷ್ಟೇ ನಶಿಸಬೇಕಾದರೆ ಲಕ್ಷಾಂತರ ವರ್ಷಗಳು ಬೇಕು. ಅತಿ ತೆಳುವಾದ ಪ್ರವಾಹದ ಪದರಗಳು ಮೂಡಿ ಬಲರೇಖೆಗಳು ಮರುಜೋಡಣೆಯಾಗುವ ಕಡೆ ಮಾತ್ರ ಈ ನಿಯಮ ಮುರಿಯುತ್ತದೆ.

ನಿಮ್ಮ ಉಳಿದೆರಡು ಪ್ರಶ್ನೆಗಳಿಗೆ ಉತ್ತರ ಒಂದೇ: ದ್ಯುತಿಗೋಳದ ಚಲನೆಗಳು. ಬಲರೇಖೆಯ ಬುಡಗಳು ದ್ಯುತಿಗೋಳದ ಸಾಂದ್ರ ಅನಿಲದಲ್ಲಿ ನಾಟಿಕೊಂಡಿವೆ, ಅಲ್ಲಿ ಅನಿಲದ್ದೇ ಯಜಮಾನಿಕೆ. ಸೂರ್ಯನ ಸಮಭಾಜಕ ಧ್ರುವಗಳಿಗಿಂತ ಬೇಗ ತಿರುಗುವುದರಿಂದ, ಹೊಸ ಕ್ಷೇತ್ರ ಒಳಗಿನಿಂದ ತಿರುಚಿಕೊಂಡೇ ಮೇಲೇಳುವುದರಿಂದ, ಅನಿಲದ ಕುದಿತದಿಂದ, ಬುಡಗಳು ಸರಿದು ಕ್ಷೇತ್ರ ಓರೆಯಾಗುತ್ತದೆ. ವಾನ್ ಬಾಲೆಗೂಯೆನ್ ಮತ್ತು ಮಾರ್ಟೆನ್ಸ್ ಅವರು 1989ರಲ್ಲಿ ಮುಂದಿನ ಹೆಜ್ಜೆಯನ್ನು ವಿವರಿಸಿದರು. ಓರೆಯಾದ ಎರಡು ಕಮಾನುಗಳ ವಿರುದ್ಧ ಧ್ರುವತೆಯ ಬುಡಗಳು ಗಡಿಗೆರೆಯಲ್ಲಿ ಸಂಧಿಸಿದಾಗ ಮರುಜೋಡಣೆಯಾಗಿ, ಒಂದು ಗಿಡ್ಡ ಕಮಾನು ಹುಟ್ಟಿ ಕೆಳಗೆ ಮುಳುಗುತ್ತದೆ. ಜೊತೆಗೆ ಗಡಿಗೆರೆಯ ಉದ್ದಕ್ಕೆ ಚಾಚಿದ ಒಂದು ಉದ್ದನೆಯ ಬಲರೇಖೆ ಮೇಲೆ ಉಳಿಯುತ್ತದೆ. ಇದು ಮತ್ತೆ ಮತ್ತೆ ನಡೆದಾಗ ಆ ಉದ್ದನೆಯ ರೇಖೆಗಳು ಒಂದರ ಮೇಲೊಂದು ಸುತ್ತಿಕೊಂಡು ಹುರಿಯಾಗುತ್ತವೆ. ದ್ಯುತಿಗೋಳದ ನಕ್ಷೆಗಳಲ್ಲಿ ವಿರುದ್ಧ ಧ್ರುವತೆಯ ಚುಕ್ಕೆಗಳು ಪರಸ್ಪರ ಸಮೀಪಿಸಿ ಮಾಯವಾಗುವುದು, ಮೇಲೆ ಫಿಲಮೆಂಟ್ ಬೆಳೆಯುವುದು ಜೊತೆಜೊತೆಯಾಗಿ ಕಾಣುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತ್ಯಂತ ಸುಂದರ ಭಾಗ ಇದು: ಕೆಳಗೆ ಕ್ಷೇತ್ರ ಕಳೆದುಹೋಗುತ್ತಿರುವಂತೆ ಕಂಡರೂ ಮೇಲೆ ಅದರ ತಿರುಚು ಉಳಿದು ಕೂಡಿಕೊಳ್ಳುತ್ತಿರುತ್ತದೆ.

ಇನ್ನೊಂದು ಗಮನಾರ್ಹ ಸಂಗತಿಯಿದೆ. ಮಾರ್ಟಿನ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದಂತೆ, ಧನ ಧ್ರುವತೆಯ ಬದಿಯಲ್ಲಿ ನಿಂತು ಫಿಲಮೆಂಟಿನತ್ತ ನೋಡಿದಾಗ ಅದರ ಉದ್ದದ ಕ್ಷೇತ್ರವು ಬಲಕ್ಕೆ ಸಾಗಿದರೆ ಅದು ಬಲಗೈ ಬಗೆ, ಎಡಕ್ಕೆ ಸಾಗಿದರೆ ಎಡಗೈ ಬಗೆ. ಸೂರ್ಯನ ಉತ್ತರಾರ್ಧಗೋಳದ ಶಾಂತ ಫಿಲಮೆಂಟುಗಳಲ್ಲಿ ಬಲಗೈ ಬಗೆಯವೇ ಹೆಚ್ಚು, ದಕ್ಷಿಣದಲ್ಲಿ ಎಡಗೈ ಬಗೆಯವು. ಸೌರಕಲೆಗಳು ಹೆಚ್ಚಿ ತಗ್ಗುವ ಹನ್ನೊಂದು ವರ್ಷಗಳ ಚಕ್ರ ಕಳೆದು ಧ್ರುವತೆಗಳೆಲ್ಲ ತಲೆಕೆಳಗಾದರೂ ಈ ನಿಯಮ ಬದಲಾಗುವುದಿಲ್ಲ. ಮೇಲ್ಮೈಯ ವೇಗವ್ಯತ್ಯಾಸ ಒಂದರಿಂದಲೇ ಇದನ್ನು ವಿವರಿಸಲು ಆಗದು. ಸೂರ್ಯನ ಒಳಗಿನಿಂದ ಬರುವ ತಿರುಚಿಗೂ ಪಾಲಿರಬೇಕು.

ಜಮಖಂಡಿ ಆಕಾಶಾಸಕ್ತ

ಚಕ್ರದ ಮಾತು ಬಂದದ್ದರಿಂದ ಕೊಡೈಕೆನಾಲ್ ವೀಕ್ಷಣಾಲಯದ ಕೊಡುಗೆಯನ್ನು ಇಲ್ಲಿ ದಾಖಲಿಸಲೇಬೇಕು. 1899ರಲ್ಲಿ ಆರಂಭವಾದ, ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿರುವ ಆ ವೀಕ್ಷಣಾಲಯದಲ್ಲಿ 1912ರಿಂದ ಹೈಡ್ರೋಜನ್-ಆಲ್ಫಾ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ತೆಗೆಯಲಾಗಿದೆ. ಆ ಫಲಕಗಳು ಈಗ ಡಿಜಿಟಲ್ ರೂಪಕ್ಕೆ ಬಂದಿವೆ. ಕಾಂತಕ್ಷೇತ್ರದ ನಕ್ಷೆಗಳೇ ಇಲ್ಲದಿದ್ದ ದಶಕಗಳಲ್ಲೂ ಫಿಲಮೆಂಟುಗಳು ಧ್ರುವತೆಯ ಗಡಿಯನ್ನು ಗುರುತಿಸುತ್ತಿದ್ದವು ಎಂಬ ತರ್ಕವನ್ನು ಹಿಡಿದು, ರಷ್ಯಾದ ಮಕರೋವ್ ಮತ್ತು ನಮ್ಮ ಶಿವರಾಮನ್ ಅವರು 1980ರ ದಶಕದಲ್ಲಿ ಈ ಚಿತ್ರಗಳಿಂದ ಹಳೆಯ ಚಕ್ರಗಳ ಕಾಂತೀಯ ಗಡಿಗಳನ್ನು ಪುನಾರಚಿಸಿದರು. ಎತ್ತರದ ಅಕ್ಷಾಂಶಗಳ ಫಿಲಮೆಂಟುಗಳ ಸಾಲು ಚಕ್ರದ ಉಚ್ಛ್ರಾಯದ ಹೊತ್ತಿಗೆ ಧ್ರುವದತ್ತ ಧಾವಿಸಿ, ಅಲ್ಲಿ ತಲುಪಿ ಮರೆಯಾಗುವಾಗಲೇ ಧ್ರುವದ ಕ್ಷೇತ್ರ ತಿರುಗುಮುರುಗಾಗುತ್ತದೆ ಎಂಬುದು ಹೀಗೆ ಹಲವು ಚಕ್ರಗಳಿಗೆ ತಿಳಿದುಬಂತು.

ಬಾದಾಮಿಯ ವಿದ್ಯಾರ್ಥಿನಿ

ಫಿಲಮೆಂಟುಗಳ ಅಂತ್ಯದ ಬಗ್ಗೆಯೂ ದಯವಿಟ್ಟು ತಿಳಿಸಿ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಂಡದ್ದು ಫಿಲಮೆಂಟ್ ಸಿಡಿದದ್ದರಿಂದಲೇ? ನಮ್ಮ ಆದಿತ್ಯ-ಎಲ್1 ನೌಕೆ ಇವುಗಳನ್ನು ನೋಡುತ್ತದೆಯೇ?

ಬೆಳಗಾವಿಯ ಪ್ಲಾಸ್ಮಾ ಸಂಶೋಧಕಿ

ಆ ಧ್ರುವಪ್ರಭೆಯನ್ನು ತಂದ ಕಾಂತೀಯ ಬಿರುಗಾಳಿಗೆ ಮುಖ್ಯ ಕಾರಣ 13664 ಎಂಬ ಸಂಖ್ಯೆಯ ಬೃಹತ್ ಸೌರಕಲೆಗಳ ಪ್ರದೇಶ. ಅಲ್ಲಿಂದ ಒಂದರ ಹಿಂದೊಂದರಂತೆ ಹೊರಟ ದ್ರವ್ಯ ಉತ್ಸರ್ಜನೆಗಳು ಭೂಮಿಯನ್ನು ತಲುಪಿದ್ದವು. ಶಾಂತ ಪ್ರದೇಶದ ದೊಡ್ಡ ಫಿಲಮೆಂಟ್ ಸಿಡಿದದ್ದಕ್ಕೆ ಉದಾಹರಣೆ ಬೇಕಾದರೆ 2012ರ ಆಗಸ್ಟ್ 31ರದನ್ನು ನೋಡಬಹುದು. ಆಗ ದ್ರವ್ಯವು ಸೆಕೆಂಡಿಗೆ 1,400 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೊರಬಿತ್ತು. ಎರಡರಲ್ಲೂ ಮೂಲ ಒಂದೇ: ಓರೆಯಾದ, ತಿರುಚಿದ ಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ.

ಹುರಿಯನ್ನು ಕೆಳಗೆ ಹಿಡಿದಿರುವುದು ಅದರ ಮೇಲೆ ಹಾದುಹೋಗುವ ಕಮಾನುಗಳು. ಆ ಕಮಾನುಗಳ ಕ್ಷೇತ್ರ ಎತ್ತರದೊಂದಿಗೆ ತೀವ್ರವಾಗಿ ಕ್ಷೀಣಿಸುವ ಮಟ್ಟಕ್ಕೆ ಹುರಿ ಏರಿಬಿಟ್ಟರೆ ಮತ್ತೆ ಹಿಡಿತ ಸಿಗುವುದಿಲ್ಲ. ಕ್ಲೀಮ್ ಮತ್ತು ತೊರೊಕ್ ಅವರು 2006ರಲ್ಲಿ ಇದರ ಮಿತಿಯನ್ನು ಲೆಕ್ಕಹಾಕಿದರು: ಕ್ಷೇತ್ರವು ಎತ್ತರದ ಒಂದೂವರೆ ಘಾತಕ್ಕಿಂತ ವೇಗವಾಗಿ ಇಳಿಯುವಲ್ಲಿ ಸಮತೋಲ ಉಳಿಯದು. ಮೇಲಿನ ಕಮಾನುಗಳು ಬಲವಾಗಿದ್ದರೆ ಎದ್ದ ಫಿಲಮೆಂಟ್ ಅರ್ಧದಲ್ಲೇ ನಿಂತು ಮತ್ತೆ ಕೆಳಗೆ ಸುರಿಯುವುದೂ ಉಂಟು.

ಆದಿತ್ಯ-ಎಲ್1 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಪುಣೆಯ ಐಯುಕಾ ಸಂಸ್ಥೆ ನಿರ್ಮಿಸಿದ ಸೂಟ್ ದೂರದರ್ಶಕವು 200ರಿಂದ 400 ನ್ಯಾನೋಮೀಟರಿನ ನೇರಳಾತೀತದಲ್ಲಿ ಇಡೀ ಬಿಂಬವನ್ನು ನೋಡುತ್ತದೆ. ಅದರಲ್ಲಿರುವ ಮೆಗ್ನೀಸಿಯಂ ಗೆರೆಗಳಲ್ಲಿ ಫಿಲಮೆಂಟುಗಳು ಚೆನ್ನಾಗಿ ಕಾಣುತ್ತವೆ. ಖಭೌತ ಸಂಸ್ಥೆಯ ವೆಲ್ಕ್ ಉಪಕರಣವು ಬಿಂಬವನ್ನು ಮರೆಮಾಡಿ ಕರೋನಾದ ಒಳಭಾಗವನ್ನು ನೋಡುತ್ತದೆ. ಸಿಡಿದ ಫಿಲಮೆಂಟಿನ ಆರಂಭವನ್ನೂ ಅದು ಕರೋನಾದಲ್ಲಿ ಸಾಗುವುದನ್ನೂ ಒಂದೇ ನೌಕೆಯಿಂದ ಹಿಡಿಯಬಹುದು. ನೌಕೆಯ ಕಾಂತಮಾಪಕವು ಆ ಹುರಿ ಅಲ್ಲಿಗೆ ಬಂದು ತಲುಪಿದಾಗ ಅದರ ಕ್ಷೇತ್ರದ ದಿಕ್ಕನ್ನು ಅಳೆಯುತ್ತದೆ. ಆ ದಿಕ್ಕು ದಕ್ಷಿಣಮುಖವಾಗಿದ್ದರೆ ಭೂಮಿಯ ಕಾಂತಕವಚಕ್ಕೆ ಹೆಚ್ಚಿನ ಪೆಟ್ಟು. ಫಿಲಮೆಂಟಿನ ಬಲಗೈ, ಎಡಗೈ ಬಗೆಯನ್ನು ಸೂರ್ಯನ ಮೇಲಿರುವಾಗಲೇ ಗುರುತಿಸುವುದು ಮುನ್ಸೂಚನೆಗೆ ಏಕೆ ಮುಖ್ಯವೆಂಬುದು ಈಗ ಸ್ಪಷ್ಟವಾಗಿರಬಹುದು.

ಗೋಕಾಕದ ಶಾಲಾ ಶಿಕ್ಷಕ

ನಮ್ಮ ಶಾಲೆಗೆ ದಾನಿಗಳೊಬ್ಬರು ಹೈಡ್ರೋಜನ್-ಆಲ್ಫಾ ದೂರದರ್ಶಕವನ್ನು ಕೊಡಿಸಿದ್ದಾರೆ. ಈ ಬಲಗೈ, ಎಡಗೈ ಬಗೆಗಳನ್ನು ಮಕ್ಕಳು ಗುರುತಿಸಬಹುದೇ? ಕಾಂತಕ್ಷೇತ್ರವನ್ನು ಅಳೆಯುವ ಸಾಧನ ನಮ್ಮಲ್ಲಿಲ್ಲ.

ವಿಜಯಪುರದ ಉಪನ್ಯಾಸಕ

ಖಂಡಿತ ಗುರುತಿಸಬಹುದು. ದೊಡ್ಡ ಫಿಲಮೆಂಟಿನ ಬೆನ್ನಿನಿಂದ ಅಲ್ಲಲ್ಲಿ ಓರೆಯಾಗಿ ಕೆಳಗಿಳಿಯುವ ಕವಲುಗಳಿರುತ್ತವೆ. ಫಿಲಮೆಂಟಿನ ಉದ್ದಕ್ಕೆ ನಡೆಯುತ್ತಿದ್ದೇವೆಂದು ಭಾವಿಸಿದಾಗ ಕವಲುಗಳು ಹೆದ್ದಾರಿಯಿಂದ ಬಲಕ್ಕೆ ಬಿಡುವ ದಾರಿಗಳಂತೆ ಮುಂದಕ್ಕೆ ಓರೆಯಾಗಿ ಬಲಗಡೆ ಹೊರಟರೆ ಅದು ಸಾಮಾನ್ಯವಾಗಿ ಬಲಗೈ ಬಗೆ. ಎಡಗಡೆ ಹೊರಟರೆ ಎಡಗೈ ಬಗೆ. ಯಾವ ತುದಿಯಿಂದ ನಡೆದರೂ ಉತ್ತರ ಬದಲಾಗುವುದಿಲ್ಲ. ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ಫಿಲಮೆಂಟುಗಳನ್ನು ಬೇರೆಬೇರೆಯಾಗಿ ಬರೆದಿಡಲು ಮಕ್ಕಳಿಗೆ ಹೇಳಿ. ಒಂದು ಶೈಕ್ಷಣಿಕ ವರ್ಷದಲ್ಲಿ ನಿಯಮವು ಅವರ ಪುಸ್ತಕದಲ್ಲೇ ಕಾಣತೊಡಗುತ್ತದೆ. ನಿಯಮವನ್ನು ಮೀರಿದವೂ ಸಿಗುತ್ತವೆ, ಅವುಗಳನ್ನು ಬಿಟ್ಟುಬಿಡದೆ ದಾಖಲಿಸಬೇಕು. ಸೂರ್ಯ ದಿನಕ್ಕೆ ಸುಮಾರು 13 ಡಿಗ್ರಿ ತಿರುಗುವುದರಿಂದ ಒಂದೇ ಫಿಲಮೆಂಟನ್ನು ಹತ್ತು ಹನ್ನೆರಡು ದಿನ ಹಿಂಬಾಲಿಸಬಹುದು. ಮಳೆಗಾಲದಲ್ಲಿ ಘಟಪ್ರಭೆಯ ಸೀಮೆಯಲ್ಲಿ ಆಕಾಶ ತೆರೆಯದಿದ್ದಾಗ, ಉದಯಪುರವೂ ಸೇರಿದಂತೆ ಆರು ಕೇಂದ್ರಗಳಿಂದ ಸೂರ್ಯನನ್ನು ವೀಕ್ಷಿಸುವ ಗಾಂಗ್ ಜಾಲದ ಚಿತ್ರಗಳು ಅಂತರಜಾಲದಲ್ಲಿ ಪ್ರತಿದಿನ ಉಚಿತವಾಗಿ ಲಭ್ಯವಿವೆ.

ದೂರದರ್ಶಕಕ್ಕೆ ತಯಾರಕರು ಕೊಟ್ಟಿರುವ ಶೋಧಕವನ್ನು ಯಾವ ಕಾರಣಕ್ಕೂ ಕಳಚಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿರಿ. ಇನ್ನೊಂದು ಎಚ್ಚರಿಕೆ: ಕಣ್ಣುಮಸೂರದ ಮುಂಚೆ ತೊಂಬತ್ತು ಡಿಗ್ರಿ ತಿರುಗಿಸುವ ಕನ್ನಡಿ ಇದ್ದರೆ ಬಿಂಬ ಎಡಬಲ ಅದಲುಬದಲಾಗಿ ಕಾಣುತ್ತದೆ, ಆಗ ಬಲಗೈ ಬಗೆಯೆಲ್ಲ ಎಡಗೈ ಬಗೆಯಾಗಿ ದಾಖಲಾಗುತ್ತದೆ. ಆದ್ದರಿಂದ ಮೊದಲ ದಿನ ನೀವು ನೋಡಿದ ಬಿಂಬವನ್ನು ಅದೇ ದಿನದ ಉದಯಪುರದ ಚಿತ್ರದೊಂದಿಗೆ ಹೋಲಿಸಿ, ಉತ್ತರ ಯಾವ ಕಡೆ, ಪೂರ್ವ ಯಾವ ಕಡೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಸಿ, ಅನಂತರವೇ ಕವಲುಗಳನ್ನು ಗುರುತಿಸಲು ತೊಡಗಿಸಿ.